ತಾಮ್ರದ ತಂತಿಯಲ್ಲಿ ಅಜುರಿನ್: ಎಡಕ್ಕೆ ತಿರುಗಿದ ಸುರುಳಿ

ಜನವರಿ 12

ಪ್ರೋಟೀನೊಂದರ ಮಾದರಿ ಮಾಡಲು ತಂತಿ ಬಂತು. ಅರ್ತಿಂಗ್‌ಗೆ ಬಳಸುವ 10 ಗೇಜಿನ ಬರಿ ತಾಮ್ರ, 5 ಮೀಟರ್. ಅಂಗಡಿಯವರು ತೂಕ ಹಾಕಿ ಕೊಟ್ಟರು.

ಈ ಕೆಲಸದ ಮೂಲ ಹದಿನೈದು ವರ್ಷ ಹಿಂದಿನದು. ಅಕ್ಕನ ಮಗನಿಗೆ ಆರನೆಯ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರ್ ಬಂದಾಗ ಕೊಟ್ಟ ಔಷಧಗಳಲ್ಲಿ ಆಸ್ಪರಾಜಿನೇಸ್ ಎಂಬ ಚುಚ್ಚುಮದ್ದೂ ಇತ್ತು. ನಮ್ಮ ಕರುಳಿನಲ್ಲೇ ಇರುವ ಇ. ಕೋಲೈ ಬ್ಯಾಕ್ಟೀರಿಯಾದ ಪ್ರೋಟೀನು ಅದು. ರಕ್ತದಲ್ಲಿರುವ ಆಸ್ಪರಾಜಿನ್ ಎಂಬ ಅಮೈನೋ ಆಮ್ಲವನ್ನು ಅದು ಒಡೆದುಹಾಕುತ್ತದೆ. ಆರೋಗ್ಯವಂತ ಜೀವಕೋಶಗಳು ತಮಗೆ ಬೇಕಾದ ಆಸ್ಪರಾಜಿನನ್ನು ತಾವೇ ಮಾಡಿಕೊಳ್ಳಬಲ್ಲವು. ಆ ಕ್ಯಾನ್ಸರ್ ಕೋಶಗಳಿಗೆ ಸಾಕಷ್ಟು ಮಾಡಿಕೊಳ್ಳಲಾಗದು, ಉಪವಾಸ ಬೀಳುತ್ತವೆ. ಹುಡುಗ ಗುಣವಾದ. ಇಂದು ಕಂಪ್ಯೂಟರ್ ಓದುತ್ತಿದ್ದಾನೆ. ಅಂದಿನಿಂದ ಬ್ಯಾಕ್ಟೀರಿಯಾದ ಪ್ರೋಟೀನುಗಳ ಮೇಲೆ ನನಗೆ ಬೆಳೆದ ಗೌರವ ಕಡಿಮೆಯಾಗಿಲ್ಲ. ಅಂಥದೊಂದನ್ನು ಮಕ್ಕಳು ಕೈಯಲ್ಲಿ ಹಿಡಿದು ನೋಡುವಂತೆ ಮಾಡಬೇಕೆಂಬ ಆಸೆ.

ಆಸ್ಪರಾಜಿನೇಸ್‌ನಿಂದಲೇ ಶುರು ಮಾಡೋಣವೆಂದರೆ ಅದು ತೀರಾ ದೊಡ್ಡದು, 326 ಅಮೈನೋ ಆಮ್ಲಗಳ ಸರಪಳಿ ನಾಲ್ಕು ಸೇರಿ ಒಂದು. ಹಾಗಾಗಿ ಆರಿಸಿಕೊಂಡದ್ದು ಅಜುರಿನ್. ಸ್ಯೂಡೊಮೊನಾಸ್ ಏರುಜಿನೋಸಾ ಎಂಬ ಬ್ಯಾಕ್ಟೀರಿಯಾ ಮಾಡುವ ಪುಟ್ಟ ನೀಲಿ ಪ್ರೋಟೀನು, 128 ಅಮೈನೋ ಆಮ್ಲ, ಒಡಲಲ್ಲಿ ಒಂದು ತಾಮ್ರದ ಪರಮಾಣು. ನೀಲಿ ಬಣ್ಣ ಬಂದದ್ದೇ ಆ ತಾಮ್ರದಿಂದ. ತಾಮ್ರದ ಪ್ರೋಟೀನನ್ನು ತಾಮ್ರದಲ್ಲೇ ಮಾಡುವುದು ನನಗೆ ಸರಿಯೆನಿಸಿತು.

ಜನವರಿ 19

ತಂತಿಯೇ ಅಮೈನೋ ಆಮ್ಲಗಳ ಸರಪಳಿ, ಅದನ್ನು ಪ್ರೋಟೀನಿನಂತೆ ಮಡಿಸಬೇಕು. ಅಳತೆ ನಿಶ್ಚಯವಾಯಿತು: 1 ಆಂಗ್‌ಸ್ಟ್ರಾಮ್‌ಗೆ 1 ಸೆಂಟಿಮೀಟರ್, ಅಂದರೆ ಹತ್ತು ಕೋಟಿ ಪಟ್ಟು (ಆಂಗ್‌ಸ್ಟ್ರಾಮ್ ಎಂದರೆ ಪರಮಾಣುಗಳ ದೂರ ಅಳೆಯುವ ಮಾನ). ಸರಪಳಿಯಲ್ಲಿ ಒಂದು ಅಮೈನೋ ಆಮ್ಲದ ನಡುವಿನ ಇಂಗಾಲದಿಂದ ಮುಂದಿನದರ ಇಂಗಾಲಕ್ಕೆ 3.8 ಆಂಗ್‌ಸ್ಟ್ರಾಮ್ ದೂರ. ಆದ್ದರಿಂದ 3.8 ಸೆಂಟಿಮೀಟರಿಗೊಂದು ಗುರುತು, ಒಟ್ಟು 127 ತುಂಡು, 4 ಮೀಟರ್ 83 ಸೆಂಟಿಮೀಟರ್. ಪ್ರತಿ ಗುರುತಿನಲ್ಲೂ ಎರಡು ಕೆಲಸ: ಇಷ್ಟು ಡಿಗ್ರಿ ಬಾಗಿಸು, ಇಷ್ಟು ಡಿಗ್ರಿ ತಿರುಚು. ಪ್ರೋಟೀನ್ ಡೇಟಾ ಬ್ಯಾಂಕ್‌ನ 4ಎಜೆಡ್‌ಯು ಎಂಬ ದಾಖಲೆಯಲ್ಲಿರುವ ಪರಮಾಣುಗಳ ಸ್ಥಾನಗಳಿಂದ ಎಲ್ಲ ಕೋನಗಳನ್ನೂ ಅದೇ ಅಕ್ಕನ ಮಗ, ನನ್ನ ಅಳಿಯ, ಒಂದು ಸಣ್ಣ ಪ್ರೋಗ್ರಾಂ ಬರೆದು ತೆಗೆದುಕೊಟ್ಟ.

ಫೆಬ್ರವರಿ 9

52ನೆಯ ಗುರುತು ದಾಟಿದೆ. ಅಜುರಿನ್‌ನ ಬಹುಭಾಗ ಚಾಪೆಯ ಪಟ್ಟಿಗಳ ಹಾಗೆ ಪಕ್ಕಪಕ್ಕದಲ್ಲಿ ಹಾಯುವ ಬೀಟಾ ಎಳೆಗಳು. ಎಂಟು ಎಳೆ ಸೇರಿ ಪೀಪಾಯಿಯ ಆಕಾರ ಕಟ್ಟುತ್ತವೆ. 3 ಮತ್ತು 26ನೆಯ ಸ್ಥಾನಗಳಲ್ಲಿರುವ ಸಿಸ್ಟೀನ್ ಎಂಬ ಅಮೈನೋ ಆಮ್ಲಗಳ ನಡುವೆ ಗಂಧಕದ ಬೆಸುಗೆ ಇದೆ. ನನ್ನ ತಂತಿಯಲ್ಲೂ ಅವೆರಡು ಸರಿಸುಮಾರು ಐದೂವರೆ ಸೆಂಟಿಮೀಟರ್ ಅಂತರದಲ್ಲಿ ಬಂದು ನಿಂತಾಗ ಆದ ಸಂತೋಷ ದೊಡ್ಡದು. ಲೆಕ್ಕ ಸರಿಯಿದೆ ಎಂದುಕೊಂಡೆ.

ಫೆಬ್ರವರಿ 16

ಲೆಕ್ಕ ಸರಿಯಿರಲಿಲ್ಲ.

ಅಜುರಿನ್‌ನಲ್ಲಿ ಪೀಪಾಯಿಯ ಹೊರಗೆ ಒಂದು ಆಲ್ಫಾ ಸುರುಳಿ ಇದೆ. 55ರಿಂದ ಮುಂದಕ್ಕೆ ಅದನ್ನು ಸುತ್ತುತ್ತಾ ಹೋದೆ. ಭಾನುವಾರ ಬಂದ ಅಳಿಯ ಕೈಯಲ್ಲಿ ತಿರುಗಿಸಿ ನೋಡಿ, "ಮಾಮ, ಸ್ಕ್ರೂ ಒಂದನ್ನು ಇದರ ಪಕ್ಕದಲ್ಲಿ ಹಿಡಿಯಿರಿ" ಎಂದ. ಹಿಡಿದೆ. ಸ್ಕ್ರೂವಿನ ಸುತ್ತು ಒಂದು ಕಡೆಗೆ ಏರುತ್ತಿತ್ತು, ನನ್ನ ಸುರುಳಿ ಇನ್ನೊಂದು ಕಡೆಗೆ. ಪ್ರೋಟೀನಿನ ಆಲ್ಫಾ ಸುರುಳಿ ಸ್ಕ್ರೂವಿನಂತೆಯೇ ಬಲಕ್ಕೆ ಸುತ್ತಬೇಕು. ನಾನು ಒಂದು ತಿಂಗಳು ಮಾಡಿದ್ದು ಅಜುರಿನ್‌ನ ಕನ್ನಡಿ ಬಿಂಬ.

ಕಾರಣ ಹುಡುಕಲು ಒಂದು ಸಂಜೆ ಬೇಕಾಯಿತು. ಶಾಲೆಯ ಗಣಿತದಲ್ಲಿ ಅಪ್ರದಕ್ಷಿಣವಾಗಿ ಅಳೆದ ಕೋನ ಧನ. ಅಣುಗಳ ತಿರುಚುಕೋನದಲ್ಲಿ ಪ್ರದಕ್ಷಿಣವೇ ಧನ. ನಾನು ಮೂವತ್ತು ವರ್ಷ ಕಲಿಸಿದ ರೂಢಿಯಂತೆ ತಿರುಚಿದ್ದೆ. ಮೊದಲೇ ಏಕೆ ಕಾಣಲಿಲ್ಲ? ಬೀಟಾ ಎಳೆಯಲ್ಲಿ ತಿರುಚು ಸುಮಾರು 170 ಡಿಗ್ರಿ. ಅಷ್ಟನ್ನು ಎಡಕ್ಕೆ ತಿರುಗಿಸಿದರೂ ಬಲಕ್ಕೆ ತಿರುಗಿಸಿದರೂ ತುದಿ ನಿಲ್ಲುವ ಜಾಗದಲ್ಲಿ 20 ಡಿಗ್ರಿಯಷ್ಟೇ ವ್ಯತ್ಯಾಸ, ಕಣ್ಣಿಗೆ ಹತ್ತುವುದಿಲ್ಲ. ಸುರುಳಿಯಲ್ಲಿ ತಿರುಚು ಸುಮಾರು 50. ಅಲ್ಲಿ ವ್ಯತ್ಯಾಸ 100 ಡಿಗ್ರಿ. ನಾನು ನಂಬಿದ ಗಂಧಕದ ಬೆಸುಗೆಯ ಪರೀಕ್ಷೆ ಕೂಡ ಸಾಲದು, ಏಕೆಂದರೆ ಕನ್ನಡಿಯಲ್ಲಿ ದೂರಗಳು ಬದಲಾಗುವುದಿಲ್ಲ. ಎಡಗಾಲಿನ ಚಪ್ಪಲಿಯ ಉದ್ದಗಲ ಎಷ್ಟೇ ಸರಿಯಿದ್ದರೂ ಬಲಗಾಲಿಗೆ ಕೂರದು. ತಂತಿಯ ಮಾದರಿ ಮಾಡುವವರು ಮೊದಲು ಒಂದು ಸುರುಳಿಯ ತುಣುಕನ್ನು ಮಾಡಿ, ಸ್ಕ್ರೂ ಪಕ್ಕದಲ್ಲಿ ಹಿಡಿದು ನೋಡಿ, ಆಮೇಲೆ ಮುಂದುವರಿಯಬೇಕು.

ಫೆಬ್ರವರಿ 23

ಬಾಗಿಸಿ ಬಾಗಿಸಿ ತಾಮ್ರ ಗಡುಸಾಗಿತ್ತು, ನೆಟ್ಟಗೆ ಮಾಡಹೋದರೆ ಬಿರುಕು ಬಿಡುವ ಭಯ. ಪಾತ್ರೆಗಳಿಗೆ ಕಲಾಯಿ ಹಾಕುವ ಹಿರಿಯರೊಬ್ಬರ ಬಳಿ ಒಯ್ದೆ. ತಿದಿ ಒತ್ತಿ, ತಂತಿ ಮಂಕು ಕೆಂಪಾಗುವವರೆಗೆ ಕಾಯಿಸಿ, ನೀರಿಗೆ ಹಾಕಿದರು. ಉಕ್ಕು ಹೀಗೆ ಮಾಡಿದರೆ ಗಡುಸಾಗುತ್ತದೆ, ತಾಮ್ರ ಮೆತ್ತಗಾಗುತ್ತದೆ. ಹುಣಸೆಹುಳಿಯಲ್ಲಿ ಉಜ್ಜಿದ ಮೇಲೆ ಹೊಸದರಂತಾಯಿತು.

ಏಪ್ರಿಲ್ 6

128 ಮುಗಿಯಿತು, ಈ ಸಲ ಬಲಸುರುಳಿ. ಪಕ್ಕದ ಎಳೆಗಳ ನಡುವೆ 4.8 ಸೆಂಟಿಮೀಟರಿನ ತೆಳು ಕಡ್ಡಿಗಳನ್ನು ಕಟ್ಟಿದ ಮೇಲೆ ಪೀಪಾಯಿ ತನ್ನ ಕಾಲ ಮೇಲೆ ನಿಂತಿತು. ತಾಮ್ರದ ಪರಮಾಣುವಿನ ಜಾಗದಲ್ಲಿ ನೀಲಿ ಗಾಜಿನ ಮಣಿ ತೂಗುಹಾಕಿದೆ. ಅದನ್ನು ಹಿಡಿದಿರುವವು 45, 46, 112, 117 ಮತ್ತು 121ನೆಯ ಅಮೈನೋ ಆಮ್ಲಗಳು.

ಈ ಅಂಕಿಗಳನ್ನು ಕೆಂಪು ಬಣ್ಣದಿಂದ ಗುರುತಿಸುವಾಗಲೇ ಓದಿದ್ದ ವಿಷಯವೊಂದು ಕೈಗೆ ತಿಳಿಯಿತು. ಷಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಆನಂದ ಮೋಹನ ಚಕ್ರವರ್ತಿಯವರ ತಂಡ, ಇಲಿಗಳಲ್ಲಿ ಬೆಳೆಸಿದ ಮನುಷ್ಯರ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನ ಗಡ್ಡೆಯನ್ನು ಅಜುರಿನ್ ಕುಗ್ಗಿಸುತ್ತದೆ ಎಂದು 2002ರಲ್ಲಿ ಪ್ರಕಟಿಸಿತು. ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಕ್ಕಾಗಿ 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಪೇಟೆಂಟ್ ಗೆದ್ದ ಅದೇ ಚಕ್ರವರ್ತಿಯವರು. ಅಲ್ಲಿಂದ ಮುಂದೆ ಔಷಧದ ಹಾದಿಗೆ ಬಂದದ್ದು ಇಡೀ ಅಜುರಿನ್ ಅಲ್ಲ, ಅದರ 50ರಿಂದ 77ರವರೆಗಿನ 28 ಅಮೈನೋ ಆಮ್ಲಗಳ ತುಣುಕು, ಹೆಸರು ಪಿ28. ಆ ತುಣುಕಿನಲ್ಲಿ ನನ್ನ ಕೆಂಪು ಗುರುತು ಒಂದೂ ಇಲ್ಲ. ಎಲೆಕ್ಟ್ರಾನ್ ಸಾಗಿಸಲು ಬ್ಯಾಕ್ಟೀರಿಯಾಕ್ಕೆ ಬೇಕಾದ ತಾಮ್ರದ ಕೇಂದ್ರ ಬೇರೆ, ಕ್ಯಾನ್ಸರ್ ಕೋಶದೊಳಗೆ ನುಗ್ಗುವ ಭಾಗ ಬೇರೆ. ನುಗ್ಗುವುದು ಹೊರಗೆ ಅಂಟಿಕೊಂಡ, ನನ್ನನ್ನು ತಿದ್ದಿದ ಆ ಸುರುಳಿಯ ಭಾಗ. ಒಳಹೋದ ಪಿ28, ಕೋಶದ ಕಾವಲುಗಾರನಾದ ಪಿ53 ಪ್ರೋಟೀನಿಗೆ ಅಂಟಿ, ಅದು ಬೇಗ ನಾಶವಾಗದಂತೆ ತಡೆಯುತ್ತದೆ. ಕೋಶದ ವಿಭಜನೆ ನಿಲ್ಲುತ್ತದೆ.

ಏಪ್ರಿಲ್ 13

50ರ ಹಿಂದೆ ಮತ್ತು 77ರ ಮುಂದೆ ತಂತಿ ಕತ್ತರಿಸಿ ವೈರಿಂಗ್‌ನ ಸ್ಕ್ರೂ ಕನೆಕ್ಟರ್ ಹಾಕಿದೆ. ಈಗ ಪಿ28 ಬಿಚ್ಚಿ ಕೈಗೆ ಬರುತ್ತದೆ. ಬಿಡಿಸಿ ಅಳೆದರೆ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು.

ಕೆಳಗೆ ಅಂಟಿಸುವ ಚೀಟಿಗಾಗಿ ನಾವಿಬ್ಬರೂ ಬಹಳ ಹೊತ್ತು ಕೂತೆವು. ಅಳಿಯ "ಕ್ಯಾನ್ಸರ್‌ಗೆ ಔಷಧ" ಎಂದು ಬರೆದಿದ್ದ, ನಾನು ಹೊಡೆದುಹಾಕಿದೆ. ಕಾಯಿಲೆಯವರ ಮನೆಯವರು ಇಂಥ ಮಾತಿಗೆ ಹೇಗೆ ಜೋತುಬೀಳುತ್ತಾರೆ ಎಂಬುದನ್ನು ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕಂಡಿದ್ದೇನೆ. 2013ರಲ್ಲಿ ಪ್ರಕಟವಾದ ಮೊದಲ ಹಂತದ ಪರೀಕ್ಷೆಯಲ್ಲಿ ಇದ್ದವರು 15 ರೋಗಿಗಳು. ಪಿ28 ಸುರಕ್ಷಿತವೇ ಎಂದು ನೋಡುವುದು ಅದರ ಮುಖ್ಯ ಉದ್ದೇಶ. ದೊಡ್ಡ ತೊಂದರೆ ಕಾಣಲಿಲ್ಲ, ಕೆಲವರಲ್ಲಿ ಗಡ್ಡೆ ಕುಗ್ಗಿತು. ಮೆದುಳಿನ ಗಡ್ಡೆಯಿದ್ದ 18 ಮಕ್ಕಳ ಪರೀಕ್ಷೆಯಲ್ಲಿ ಮಕ್ಕಳು ಅದನ್ನು ತಾಳಿಕೊಂಡರು, ಗಡ್ಡೆ ಮಾತ್ರ ಕುಗ್ಗಲಿಲ್ಲ. ಕೊನೆಗೆ ಚೀಟಿಯಲ್ಲಿ "ಪಿ28: ಮನುಷ್ಯರಲ್ಲಿ ಪರೀಕ್ಷೆಗೆ ಒಳಗಾದ ತುಣುಕು" ಎಂದಷ್ಟೇ ಬರೆದೆವು. ಕೆಳಗೆ ಅಳಿಯ ತನ್ನ ಅಕ್ಷರದಲ್ಲಿ ಇನ್ನೊಂದು ಸಾಲು ಸೇರಿಸಿದ: "ಆಸ್ಪರಾಜಿನೇಸ್: ಬ್ಯಾಕ್ಟೀರಿಯಾದ ಪ್ರೋಟೀನು, ಔಷಧವಾಗಿದೆ."

ಉಳಿದ ಕೆಲಸ: 112ರಿಂದ 117ರವರೆಗಿನ ಕುಣಿಕೆ ಮಣಿಯಿಂದ ಒಂದೂವರೆ ಸೆಂಟಿಮೀಟರ್ ದೂರ ಸರಿದಿದೆ. ಕಲಾಯಿಯವರ ಬಳಿ ಇನ್ನೊಮ್ಮೆ ಹೋಗಬೇಕು.