ಐದನೇ ಗೇರ್, ಐ-5 ಹೈವೇ: ನನ್ನ ಮಿಯಾಟಾ ಕೆಲಸ ಎಲ್ಲಿಗೆ ಬಂತು

ಡಿಫರೆನ್ಷಿಯಲ್, ಅಂದರೆ ಹಿಂದಿನ ಚಕ್ರಗಳಿಗೆ ಎಳೆತ ಹಂಚುವ ಗೇರ್ ಪೆಟ್ಟಿಗೆ, ಬದಲಾಯಿಸಿ ಆಯ್ತು. ಸೈಲೆನ್ಸರೂ ಆಯ್ತು. ಕಳೆದ ವಾರ ಕ್ಯಾಲಿಫೋರ್ನಿಯಾದ ಐ-5 ಹೈವೇ ಹಿಡಿದು ಸ್ಯಾನ್ ಹೋಸೆಯಿಂದ ಲಾಸ್ ಏಂಜಲೀಸ್‌ವರೆಗೆ ಓಡಿಸಿ ನೋಡಿದೆ. ಈ ಹಂತದ ಲೆಕ್ಕವನ್ನು ಬಿಸಿ ಇರುವಾಗಲೇ ಬರೆದಿಡುತ್ತಿದ್ದೇನೆ.

ಕಾರಿನ ಪರಿಚಯ ಇಲ್ಲದವರಿಗೆ ಎರಡು ಮಾತು. ನಮ್ಮೂರ ಕಡೆ ಮಜ್ದಾ ಅಂದರೆ ಸ್ವರಾಜ್ ಮಜ್ದಾ ವ್ಯಾನು, ಲಾರಿ ನೆನಪಾಗುತ್ತದೆ. ಅದೇ ಜಪಾನಿನ ಮಜ್ದಾ 1989ರ ಫೆಬ್ರವರಿಯಲ್ಲಿ ಶಿಕಾಗೊ ಆಟೊ ಶೋನಲ್ಲಿ ಎಂಎಕ್ಸ್-5 ಮಿಯಾಟಾ ತೋರಿಸಿತು. ಎರಡೇ ಸೀಟು, ಬಟ್ಟೆಯ ಟಾಪ್, ಎಂಜಿನ್ ಮುಂದೆ, ಎಳೆತ ಹಿಂದಿನ ಚಕ್ರಕ್ಕೆ. 2016ರಲ್ಲಿ ಹತ್ತು ಲಕ್ಷದ ಗಡಿ ದಾಟಿತು. ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳಲ್ಲಿ ಇಷ್ಟು ಮಾರಾಟವಾದದ್ದು ಬೇರೆ ಇಲ್ಲ. ನನ್ನದು ಮೊದಲ ತಲೆಮಾರಿನದು, 1991ರದು. 1.6 ಲೀಟರ್ ಎಂಜಿನ್, 116 ಎಚ್‌ಪಿ, ಐದು ಗೇರ್.

ಘಾಟಿ ರಸ್ತೆಯಲ್ಲಿ ಇದರ ಬಗ್ಗೆ ನನಗೆ ಯಾವ ದೂರೂ ಇಲ್ಲ. ಗೇರ್ ಲಿವರ್ ಗಿಡ್ಡ, ಮಣಿಕಟ್ಟು ಸ್ವಲ್ಪ ತಿರುಗಿಸಿದರೆ ಸಾಕು, ಟಕ್ ಅಂತ ಬೀಳುತ್ತದೆ. ತೊಂದರೆ ಶುರುವಾಗುವುದು ಹೈವೇಯಲ್ಲಿ. ಟಾಪ್ ಗೇರ್‌ಗೆ ಹಾಕಿದ ಮೇಲೂ ಇನ್ನೊಂದು ಗೇರ್ ಬಾಕಿ ಇದೆ ಅನ್ನಿಸುತ್ತದೆ. ಕೈ ಸುಮ್ನೆ ಲಿವರ್ ಕಡೆ ಹೋಗುತ್ತದೆ.

ಕಾರಣ ಲೆಕ್ಕದಲ್ಲೇ ಇದೆ. ಈ ಗೇರ್‌ಬಾಕ್ಸ್‌ನಲ್ಲಿ ನಾಲ್ಕನೆಯದು ನೇರ, ಅಂದರೆ ಎಂಜಿನ್ನಿನ ಒಂದು ಸುತ್ತಿಗೆ ಹಿಂದಕ್ಕೆ ಹೋಗುವ ಶಾಫ್ಟೂ ಒಂದು ಸುತ್ತು, 1.000. ಐದನೆಯದು 0.814. ಹಿಂದೆ ಡಿಫರೆನ್ಷಿಯಲ್ಲಿನ ಜೋಡಿ ಗೇರು, ಕ್ರೌನ್-ಪಿನಿಯನ್, 4.30. ಎರಡನ್ನೂ ಗುಣಿಸಿದರೆ 3.50 ಬರುತ್ತದೆ. ಅಂದರೆ ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ಎಂಜಿನ್ ಮೂರೂವರೆ ಸುತ್ತು. ಟೈರ್ 185/60 ಆರ್14, ಚಿಕ್ಕದು. ಐ-5ರ ಬಯಲು ಭಾಗದಲ್ಲಿ ವೇಗದ ಮಿತಿ ಗಂಟೆಗೆ 70 ಮೈಲಿ, ಅಂದರೆ ಸುಮಾರು 113 ಕಿ.ಮೀ. ಆ ವೇಗಕ್ಕೆ 3,620 ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ಅಷ್ಟು ಸುತ್ತು. ಗೆಳೆಯನ ಹತ್ತಿರ ಈಗಿನ ತಲೆಮಾರಿನ ಎಂಎಕ್ಸ್-5 ಇದೆ. ಅದರಲ್ಲಿ ಆರನೇ ಗೇರ್ ನೇರ 1.000, ಹಿಂದಿನದು 2.866. ಅದೇ ವೇಗಕ್ಕೆ 2,800 ಕೂಡ ಮುಟ್ಟುವುದಿಲ್ಲ.

"ಆರು ಗೇರಿನ ಬಾಕ್ಸ್ ತಂದು ಕೂರಿಸಿಬಿಡು ಗುರೂ, ಮುಗೀತು" ಅಂದ ಅವನು. ಎರಡನೇ ತಲೆಮಾರಿನ ಆರು ಗೇರ್ ಬಾಕ್ಸ್ ಸಿಗುತ್ತದೆ ನಿಜ. ಆದರೆ ಅದರ ಆರನೆಯದು 0.843! ನನ್ನ ಐದನೆಯದಕ್ಕಿಂತ ಗಿಡ್ಡ, ಅಂದರೆ ಎಂಜಿನ್ ಇನ್ನೂ ಜಾಸ್ತಿ ಸುತ್ತಬೇಕು. ಅದರ ಜತೆಗೆ ಬಂದ 3.909 ಡಿಫರೆನ್ಷಿಯಲ್ ಹಾಕಿದರೆ ಆರ್‌ಪಿಎಂ ಇಳಿಯುವುದು ಶೇಕಡ 6 ಮಾತ್ರ. ಅಷ್ಟಕ್ಕೆ ಇಡೀ ಗೇರ್‌ಬಾಕ್ಸ್ ಇಳಿಸುವುದು ನನಗೆ ಸರಿ ಕಾಣಲಿಲ್ಲ. ಆ ಬಾಕ್ಸ್ ಇರುವುದು ಗೇರ್‌ಗಳ ನಡುವಿನ ಅಂತರ ಕಮ್ಮಿ ಮಾಡಲಿಕ್ಕೆ, ಹೈವೇ ಶಾಂತಿಗಲ್ಲ. ಆರು ಅಂತ ಬರೆದ ಗೇರ್ ಲಿವರಿನ ಹಿಡಿ ನೋಡಿ ದುಡ್ಡು ಹಾಕಬೇಡಿ. ಮೊದಲು ಗುಣಿಸಿ ನೋಡಿ.

ಹಾಗಾಗಿ 4.10ರ ಡಿಫರೆನ್ಷಿಯಲ್ ಆರಿಸಿಕೊಂಡೆ. 1994ರಿಂದ ಬಂದ 1.8 ಲೀಟರ್ ಕಾರಿನದು. ಗುಜರಿ ಯಾರ್ಡ್‌ನಲ್ಲಿ ಸಿಕ್ಕಿತು. ಇದರ ಕ್ರೌನ್ ದೊಡ್ಡದು, ಗಟ್ಟಿ. ಆದರೆ 1.6ರ ಆಕ್ಸಲ್‌ಗಳು ಇದಕ್ಕೆ ಕೂರುವುದಿಲ್ಲ. ಎರಡೂ ಆಕ್ಸಲ್, ಗೇರ್‌ಬಾಕ್ಸಿನಿಂದ ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಎಲ್ಲ ಅದೇ ಕಾರಿನಿಂದ ತರಬೇಕು. ತರುವಾಗಲೇ ಒಟ್ಟಿಗೆ ತನ್ನಿ, ಆಮೇಲೆ ಬಿಡಿಬಿಡಿಯಾಗಿ ಹುಡುಕುವುದು ತಲೆನೋವು.

ಈ ಕಾರಿನಲ್ಲಿ ನನಗೆ ಅಚ್ಚುಮೆಚ್ಚಿನ ಭಾಗ ಒಂದಿದೆ. ಗೇರ್‌ಬಾಕ್ಸಿನ ಬಾಲದಿಂದ ಡಿಫರೆನ್ಷಿಯಲ್ಲಿನ ಮೂತಿವರೆಗೆ ಉದ್ದಕ್ಕೂ ಹೋಗುವ ಅಲ್ಯುಮಿನಿಯಂ ತೊಲೆ. ಎಂಜಿನ್‌ನಿಂದ ಹಿಂದಿನವರೆಗೆ ಎಲ್ಲವನ್ನೂ ಒಂದೇ ಬಿಗಿಯಲ್ಲಿ ಹಿಡಿದಿಡುವುದು ಇದೇ. ಆಕ್ಸಿಲರೇಟರ್ ಮುಟ್ಟಿದ ಕೂಡಲೇ ಕಾರು ಸ್ಪಂದಿಸುವುದರಲ್ಲಿ ಇದರ ಪಾಲು ದೊಡ್ಡದು. ಡಿಫರೆನ್ಷಿಯಲ್ ಇಳಿಸಬೇಕಾದರೆ ಇದನ್ನು ಬಿಚ್ಚಲೇಬೇಕು. ಮತ್ತೆ ಕಟ್ಟುವಾಗ ಸುಮ್ನೆ ಬೋಲ್ಟ್ ಬಿಗಿದರೆ ಆಗಲ್ಲ. ಗೇರ್‌ಬಾಕ್ಸಿನ ಬಾಲಕ್ಕೆ ಜ್ಯಾಕ್ ಕೊಟ್ಟು, ಕಾರಿನ ತಳಕ್ಕೂ ತೊಲೆಗೂ ಇರಬೇಕಾದ ಅಂತರ ಅಳೆದು, ಆಮೇಲೆ ಬಿಗಿ ಮಾಡಬೇಕು. ಆ ಎತ್ತರ ತಪ್ಪಿದರೆ ಶಾಫ್ಟಿನ ಕೋನ ಕೆಡುತ್ತದೆ, ಹೈವೇ ವೇಗದಲ್ಲಿ ಸೀಟಿನ ಕೆಳಗೆ ಅದುರು ಶುರುವಾಗುತ್ತದೆ. ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ತೆಗೆದುಕೊಂಡದ್ದು ಇಲ್ಲೇ. ಅದುರು ಇಲ್ಲ.

ಈಗ 70 ಮೈಲಿಗೆ 3,450. ಇಳಿದದ್ದು 170 ಆರ್‌ಪಿಎಂ. ಜಾಸ್ತಿ ಅಲ್ಲ, ಅಲ್ವಾ? ನನಗೂ ಗೊತ್ತಿತ್ತು. ಆದರೆ ನಾನು ಹುಡುಕುತ್ತಿದ್ದದ್ದು ಕಮ್ಮಿ ಆರ್‌ಪಿಎಂ ಅಲ್ಲ, ಕಮ್ಮಿ ಆಯಾಸ. ಅದಕ್ಕೆ ಸೈಲೆನ್ಸರ್ ಕಡೆ ಬರಬೇಕು.

ಹಿಂದಿನ ಮಾಲೀಕರು ಬೇರೆ ಕಂಪನಿಯ ಸೈಲೆನ್ಸರ್ ಒಂದನ್ನು ಹಾಕಿಸಿದ್ದರು. ಮೇಲಿನ ಆರ್‌ಪಿಎಂನಲ್ಲಿ ಒಳ್ಳೇ ದನಿ. ಆದರೆ 3,600ರ ಆಸುಪಾಸಿನಲ್ಲಿ ದೂರದ ಹಿಟ್ಟಿನ ಗಿರಣಿಯ ಹಾಗೆ ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ನಾಲ್ಕು ಸಿಲಿಂಡರ್ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಸಿಡಿಯುತ್ತದೆ. 3,600 ಅಂದರೆ ಸೆಕೆಂಡಿಗೆ 120 ಸಲ. ಚಿಕ್ಕ ಕ್ಯಾಬಿನ್, ತೆಳು ಬಟ್ಟೆಯ ಟಾಪ್. ಆ ತಗ್ಗು ದನಿ ಒಳಗೆ ತುಂಬಿಕೊಂಡುಬಿಡುತ್ತದೆ. ರೇಡಿಯೊ ಜೋರು ಮಾಡಿದರೂ ಮುಚ್ಚುವುದಿಲ್ಲ. ಇದನ್ನು ಕೊಲ್ಲಲು ಒಂದು ತುದಿ ಮುಚ್ಚಿದ ಕವಲು ಪೈಪ್ ಬೆಸುಗೆ ಹಾಕುವ ದಾರಿ ಇದೆ. ಅದರೊಳಗೆ ಹೋಗಿ ವಾಪಸ್ ಬಂದ ದನಿ, ಮುಂದೆ ಬರುತ್ತಿರುವ ದನಿಗೆ ಎದುರಾಗಿ ಅಳಿಸುತ್ತದೆ. ಬಿಸಿ ಹೊಗೆಯಲ್ಲಿ ಶಬ್ದ ಜೋರಾಗಿ ಓಡುವುದರಿಂದ, 120ಕ್ಕೆ ಆ ಪೈಪ್ ಸುಮಾರು ಒಂದು ಮೀಟರ್ ಉದ್ದ ಬೇಕು. ಇಷ್ಟು ಚಿಕ್ಕ ಕಾರಿನ ಕೆಳಗೆ ಅದಕ್ಕೆ ಜಾಗ ಎಲ್ಲಿ? ಕಂಪನಿಯ ಹಳೇ ಸೈಲೆನ್ಸರ್ ಹುಡುಕಿ ತಂದು ಹಾಕಿದೆ. ಗುಂಯ್‌ಗುಡುವುದು ನಿಂತೇ ಹೋಯಿತು. ಡಿಫರೆನ್ಷಿಯಲ್ಲಿಗಿಂತ ನೆಮ್ಮದಿ ಜಾಸ್ತಿ ಸಿಕ್ಕಿದ್ದು ಇದರಿಂದ. ಹೈವೇ ಓಡಾಟಕ್ಕೆ ಕಾರು ಸಿದ್ಧ ಮಾಡುವವರು ಮೊದಲು ಇಲ್ಲಿಂದ ಶುರು ಮಾಡಿ.

ಇನ್ನು ರಸ್ತೆಯಲ್ಲಿ. 152ನೇ ಹೈವೇಯಲ್ಲಿ ಪಚೆಕೊ ಕಣಿವೆ ದಾಟಿ ಐ-5 ಸೇರಿದ ಮೇಲೆ ಗಂಟೆಗಟ್ಟಲೆ ನೇರ ದಾರಿ. ಕೊಲಿಂಗಾ ಹತ್ತಿರ ದನದ ವಾಸನೆ, ಉಳಿದಂತೆ ಬಾದಾಮಿ ತೋಟ. ಸಮತಟ್ಟಿನಲ್ಲಿ ಐದನೇ ಗೇರಿನಲ್ಲಿ ಕಾಲು ತೂಗಿಟ್ಟರೆ ಸಾಕು. ನನ್ನ ಲೆಕ್ಕಕ್ಕೆ ಆ ವೇಗ ಕಾಯ್ದುಕೊಳ್ಳಲು ಎಂಜಿನ್ನಿನ ಕಾಲು ಭಾಗ ಶಕ್ತಿಯೂ ಬೇಡ. ಕಥೆ ಬದಲಾಗುವುದು ಗ್ರೇಪ್‌ವೈನ್ ಏರಿನಲ್ಲಿ. ಶೇಕಡ 6ರ ಏರು, ತುದಿಯ ಟೆಹೋನ್ ಪಾಸ್ 4,000 ಅಡಿಗೂ ಮೇಲೆ. ಹಳೇ 4.30ರಲ್ಲಿ ಕಾಲು ಪೂರ್ತಿ ಒತ್ತಿದರೆ ಐದರಲ್ಲೇ ಹೇಗೋ ಹತ್ತುತ್ತಿತ್ತು. ಈಗಲೂ ಹತ್ತುತ್ತದೆ. ಆದರೆ ಮುಂದೆ ಲಾರಿ ಅಡ್ಡ ಬಂದು ಒಮ್ಮೆ ವೇಗ ಇಳಿಯಿತೋ, ಮತ್ತೆ ಮೇಲೇಳುವುದಿಲ್ಲ. ನಾಲ್ಕಕ್ಕೆ ಇಳಿಸಲೇಬೇಕು. ಕ್ಲಚ್ ಒತ್ತಿ, ಬಲಗಾಲಿನಲ್ಲಿ ಆಕ್ಸಿಲರೇಟರನ್ನು ಒಂದು ಸಲ ಚುರುಕಾಗಿ ತಟ್ಟಿ, 70ರ ವೇಗದಲ್ಲಾದರೆ ಆರ್‌ಪಿಎಂ ಸೂಜಿ 4,200 ದಾಟಿದಾಗ ಕ್ಲಚ್ ಬಿಟ್ಟರೆ ಒಂಚೂರೂ ಎಳೆತ ಇಲ್ಲದೆ ಕೂಡಿಕೊಳ್ಳುತ್ತದೆ. ಆಮೇಲೆ ಈ ಪುಟ್ಟ ಎಂಜಿನ್ ಹಾಡುತ್ತದೆ ನೋಡಿ! ಈ ಬೆಲೆ ಕೊಡಲು ನನಗೆ ಸಂತೋಷವೇ. ಮ್ಯಾನುಯಲ್ ಇಟ್ಟುಕೊಂಡದ್ದೇ ಇದಕ್ಕಲ್ಲವೇ.

4.10 ಹಾಕುವವರಿಗೆ ಒಂದು ಎಚ್ಚರಿಕೆ. ಈ ಕಾರಿನ ಸ್ಪೀಡೋಮೀಟರ್ ಕೇಬಲ್ ಹೊರಡುವುದು ಗೇರ್‌ಬಾಕ್ಸಿನಿಂದ. ಡಿಫರೆನ್ಷಿಯಲ್ ಬದಲಾದದ್ದು ಅದಕ್ಕೆ ತಿಳಿಯುವುದೇ ಇಲ್ಲ. ನಿಜಕ್ಕೂ 70 ಹೋಗುತ್ತಿರುವಾಗ 67 ತೋರಿಸುತ್ತದೆ. ದಂಡ ಬೀಳಲು ಅಷ್ಟು ಸಾಕು. ಗೇರ್‌ಬಾಕ್ಸಿನಲ್ಲಿ ಕೇಬಲ್ ತಿರುಗಿಸುವ ಪುಟ್ಟ ಪ್ಲಾಸ್ಟಿಕ್ ಗೇರ್ ಇದೆ. 1.8ರ ಗೇರ್‌ಗೆ ಹಲ್ಲು ಕಮ್ಮಿ. ಅದನ್ನು ಹಾಕಿ ಜಿಪಿಎಸ್ ಜತೆ ತಾಳೆ ನೋಡಿದೆ, ಸರಿ ಹೋಯ್ತು.

ಮುಂದಿನದು ಟೈರ್. ಈಗಿನದು ಸವೆದ ಮೇಲೆ 195/60 ಆರ್14 ಹಾಕುವ ಯೋಚನೆ ಇದೆ. ವ್ಯಾಸ 12 ಮಿ.ಮೀ. ಹೆಚ್ಚು, ಆರ್‌ಪಿಎಂ ಇನ್ನೂ ಶೇಕಡ 2 ಇಳಿಯುತ್ತದೆ. ಅಷ್ಟರೊಳಗೆ ಕಿಟಕಿಯ ರಬ್ಬರ್ ಬೀಡಿಂಗ್ ಬದಲಾಯಿಸಬೇಕು. ಎಂಜಿನ್ ಸದ್ದು ತಗ್ಗಿದ ಮೇಲೆ ಈಗ ಗಾಳಿಯ ಸಿಳ್ಳೆ ಕೇಳಿಸುತ್ತಿದೆ, ಎಡಗಡೆ, ಕನ್ನಡಿಯ ಹಿಂದೆ.