ವೈನ್ ಗ್ಲಾಸಿಗೆ ಸುರಿದ ಹುದುಗಿಸಿದ ಚಹಾ

ಮದ್ಯ ಬೇಡವೆಂದವರಿಗೆ ಊಟದ ಜೊತೆ ಸಿಗುವುದು ಸಾಮಾನ್ಯವಾಗಿ ಹಣ್ಣಿನ ರಸ ಅಥವಾ ಸೋಡಾ, ಮತ್ತು ಅವುಗಳ ಸಿಹಿ ನಾಲ್ಕು ಗುಟುಕಿನಲ್ಲೇ ನಾಲಿಗೆಯನ್ನು ಮಂಕಾಗಿಸುತ್ತದೆ. ವೈನ್ ಊಟಕ್ಕೆ ಹೊಂದುವುದಕ್ಕೆ ಅದರ ಹುಳಿ ಮತ್ತು ಒಗರೇ ಮುಖ್ಯ ಕಾರಣ ಎಂಬುದು ನನ್ನ ಅಭಿಪ್ರಾಯ. ಈ ಒಗರನ್ನು ಕೊಡುವ ಪಾಲಿಫಿನಾಲ್‌ಗಳು ಚಹಾ ಎಲೆಯಲ್ಲಿ ಮೊದಲೇ ಇವೆ; ಹುಳಿಯನ್ನು ಹುದುಗುವಿಕೆ ತಂದುಕೊಡುತ್ತದೆ. ಹಾಗಾಗಿ ಮದ್ಯಸಾರ ತೆಗೆದ ವೈನಿಗಿಂತ, ಕೊಂಬುಚಾ, ಅಂದರೆ ಸಕ್ಕರೆ ಹಾಕಿ ಹುದುಗಿಸಿದ ಹುಳಿ ಚಹಾದ ವರ್ಗಕ್ಕೆ ಸೇರಿದ ನೊರೆಯುಕ್ಕುವ ಪಾನೀಯವೇ ನನಗೆ ಹೆಚ್ಚು ಹಿಡಿಸುತ್ತದೆ. ಮೊದಲನೆಯದರಲ್ಲಿ ಮದ್ಯಸಾರದೊಂದಿಗೆ ಪರಿಮಳವೂ ಒಂದಿಷ್ಟು ಹೊರಟುಹೋಗಿರುತ್ತದೆ, ಆ ಕೊರತೆಯನ್ನು ಹಲವು ಸಲ ಸಕ್ಕರೆಯಿಂದ ಮುಚ್ಚಲಾಗಿರುತ್ತದೆ.

ಸಕ್ಕರೆ ಬೆರೆಸಿ ಆರಿಸಿದ ಚಹಾಕ್ಕೆ ಹಿಂದಿನ ಸಲದ ಹುಳಿ ದ್ರವವನ್ನೂ ಅದರ ಮೇಲೆ ಕಟ್ಟಿಕೊಂಡ ದಪ್ಪ ಪದರವನ್ನೂ ಸೇರಿಸಿ, ಗಾಳಿಯಾಡುವಂತೆ ಬಟ್ಟೆ ಕಟ್ಟಿಡುತ್ತಾರೆ. ಈಸ್ಟ್ ಸಕ್ಕರೆಯನ್ನು ಒಡೆದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಹುಟ್ಟಿಸುತ್ತದೆ; ಬ್ಯಾಕ್ಟೀರಿಯಾಗಳು ಗಾಳಿಯ ಆಮ್ಲಜನಕವನ್ನು ಬಳಸಿಕೊಂಡು ಆ ಮದ್ಯಸಾರವನ್ನು ಅಸಿಟಿಕ್ ಆಮ್ಲವಾಗಿ ಬದಲಿಸುತ್ತವೆ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಉಣ್ಣುವ ಈ ವ್ಯವಸ್ಥೆಯಿಂದಾಗಿ ಮದ್ಯಸಾರ ಹೆಚ್ಚು ಉಳಿಯುವುದಿಲ್ಲ. ಆದರೆ ಗುಳ್ಳೆಗಳಿಗಾಗಿ ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿದೊಡನೆ ಲೆಕ್ಕ ತಿರುಗುತ್ತದೆ: ಗಾಳಿಯಿಲ್ಲದೆ ಬ್ಯಾಕ್ಟೀರಿಯಾಗಳ ಕೆಲಸ ಕುಂಠಿತವಾಗುತ್ತದೆ, ಈಸ್ಟ್ ಮಾತ್ರ ಮುಂದುವರಿಯುತ್ತದೆ, ಗುಳ್ಳೆಯ ಜೊತೆಗೇ ಮದ್ಯಸಾರವೂ ಏರುತ್ತದೆ. ಶಾಂಪೇನಿನಲ್ಲಿ ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ ಸೇರಿಸಿ ಬಾಟಲಿಯೊಳಗೆ ಹುದುಗಿಸಿದಾಗ ಸುಮಾರು 6 ವಾಯುಭಾರದಷ್ಟು (ಸುತ್ತಲ ಗಾಳಿಯ ಒತ್ತಡದ ಆರು ಪಟ್ಟು) ಒತ್ತಡ ಬರುತ್ತದೆ, ಮದ್ಯಸಾರವೂ ಶೇ. 1ಕ್ಕಿಂತ ತುಸು ಹೆಚ್ಚೇ ಏರುತ್ತದೆ. ಅಷ್ಟೇ ನೊರೆಯನ್ನು ಚಹಾದಿಂದ ಇದೇ ದಾರಿಯಲ್ಲಿ ಪಡೆಯಹೊರಟರೆ, ಹಲವು ದೇಶಗಳಲ್ಲಿ ಮದ್ಯರಹಿತವೆನ್ನಲು ಇರುವ ಶೇ. 0.5ರ ಗಡಿಯನ್ನು ದಾಟುವುದು ಖಚಿತ. ಅಮೆರಿಕದಲ್ಲಿ 2010ರಲ್ಲಿ ಇದೇ ಅನುಮಾನದಿಂದ ಕೊಂಬುಚಾ ಬಾಟಲಿಗಳನ್ನು ಅಂಗಡಿಗಳ ಕಪಾಟಿನಿಂದ ಹಿಂದಕ್ಕೆ ತೆಗೆಯಲಾಗಿತ್ತು. ಈಗ ಅನೇಕ ತಯಾರಕರು ಈಸ್ಟನ್ನು ಸೋಸಿ ತೆಗೆದು, ಅನಿಲವನ್ನು ಹೊರಗಿನಿಂದ ತುಂಬುತ್ತಾರೆ. ಇದನ್ನು ಮೋಸವೆನ್ನುವವರಿದ್ದಾರೆ, ಬಾಟಲಿಯ ಮೇಲೆ ಬರೆದ ಪ್ರಮಾಣ ನಿಜವಾಗಿರುವುದು ನನಗೆ ಅದಕ್ಕಿಂತ ಮುಖ್ಯ.

ರುಚಿಯ ಮಟ್ಟಿಗೆ ಎಲೆಯ ಆಯ್ಕೆಯೇ ನಿರ್ಣಾಯಕ. ಡಾರ್ಜಿಲಿಂಗಿನ ಎರಡನೇ ಕೊಯ್ಲಿನ ಎಲೆಯಲ್ಲಿ ಮಸ್ಕಟ್ ದ್ರಾಕ್ಷಿಯನ್ನು ನೆನಪಿಸುವ ಪರಿಮಳವಿರುವುದರಿಂದ ಬಿಳಿ ವೈನಿನ ರೂಢಿಯಿರುವವರಿಗೆ ಅದು ಸುಲಭವಾಗಿ ಒಗ್ಗುತ್ತದೆ. ಪೈನ್ ಕಟ್ಟಿಗೆಯ ಹೊಗೆಯಲ್ಲಿ ಒಣಗಿಸಿದ ಲ್ಯಾಪ್ಸಾಂಗ್ ಸೂಚಾಂಗ್ ಎಂಬ ಚೀನೀ ಚಹಾ ಸುಟ್ಟ ಮತ್ತು ಹುರಿದ ಪದಾರ್ಥಗಳ ಮುಂದೆಯೂ ಸೋಲುವುದಿಲ್ಲ. ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಬಡಿಯುವ ವಿನೆಗರ್ ವಾಸನೆ ಅಗಲ ಬಾಯಿಯ ಗ್ಲಾಸಿನಲ್ಲಿ ಕೆಲವು ನಿಮಿಷಗಳಲ್ಲಿ ಇಳಿಯುತ್ತದೆ, ಆಮೇಲೆ ಎಲೆಯ ಗಂಧ ಮೇಲೆದ್ದು ಬರುತ್ತದೆ. ತೀರಾ ತಣ್ಣಗೆ ಕುಡಿದರೆ ಹುಳಿಯಷ್ಟೇ ತಿಳಿಯುತ್ತದೆ.

ಮದ್ಯಸಾರ ಬಾಯಲ್ಲಿ ಮೂಡಿಸುವ ಬಿಸುಪು ಮತ್ತು ಮಂದತೆ ಇದರಲ್ಲಿಲ್ಲ ಎನ್ನುವುದನ್ನು ಒಪ್ಪಲೇಬೇಕು; ಒಳ್ಳೆಯ ಕೆಂಪು ವೈನಿನ ಪಕ್ಕದಲ್ಲಿ ಇದು ತೆಳುವೇ. ಇನ್ನೊಂದು ವಿಷಯವನ್ನು ಮಾರುವವರು ಅಷ್ಟಾಗಿ ಹೇಳುವುದಿಲ್ಲ: ಹುದುಗಿದರೂ ಚಹಾದ ಕೆಫೀನ್ ಬಹುಪಾಲು ಹಾಗೆಯೇ ಉಳಿಯುತ್ತದೆ, ಆದ್ದರಿಂದ ರಾತ್ರಿ ಊಟಕ್ಕೆ ಎರಡನೆಯ ಗ್ಲಾಸ್ ತುಂಬಿಸಿಕೊಳ್ಳುವವರು ನಿದ್ದೆಯ ಕಡೆಗೂ ಗಮನವಿಡಬೇಕಾಗುತ್ತದೆ.