ಬರೀ ಪ್ರೇಮಕಥೆ ತಾನೇ?

ಮದುವೆಮನೆಯ ಊಟದ ಪಂಕ್ತಿಯಲ್ಲಿ ಪಕ್ಕ ಕೂತವರು ಕೇಳುತ್ತಾರೆ: "ನೀವು ಬರೆಯೋದು ಲವ್ ಸ್ಟೋರಿ ತಾನೇ? ಅದಕ್ಯಾಕೆ ಶಾಸನ, ಇತಿಹಾಸ ಅಂತ ಇಷ್ಟು ತಲೆ ಕೆಡಿಸ್ಕೋತೀರಿ? ಯಾರು ನೋಡ್ತಾರೆ ಅದನ್ನೆಲ್ಲ?" ಇತಿಹಾಸ ಓದಿಕೊಂಡವರ ವರಸೆ ಬೇರೆ: "ಇಷ್ಟೆಲ್ಲ ಗೊತ್ತಿದ್ದೂ ಬರೀ ಪ್ರೇಮಕಥೆ ಯಾಕೆ ಬರೀತೀರಿ?" ನನ್ನ ಕಿವಿಗೆ ಎರಡೂ ಒಂದೇ ಪ್ರಶ್ನೆ. ಒಬ್ಬರು 'ತಾನೇ' ಅನ್ನುತ್ತಾರೆ, ಇನ್ನೊಬ್ಬರು 'ಬರೀ' ಅನ್ನುತ್ತಾರೆ.

ನಾನು ಬರೆಯುವ ಕಥೆಗಳು ಕೃಷ್ಣದೇವರಾಯನ ಕಾಲದ ವಿಜಯನಗರದಲ್ಲಿ, ಅಂದರೆ 1509ರಿಂದ 1529ರ ನಡುವೆ ನಡೆಯುತ್ತವೆ. ರಾಯ ಎಲ್ಲೋ ದೂರದಲ್ಲಿ ಆನೆಯ ಮೇಲೆ ಹಾದುಹೋಗುತ್ತಾನೆ. ಕಥೆ ಬೀದಿಯಲ್ಲಿ ನಿಂತು ನೋಡುವವರದ್ದು. ಮೊದಲನೆಯ ಕಥೆಯಲ್ಲೇ ಎಡವಿದೆ. 1515ರ ಒಂದು ಸಂಜೆ ನಾಯಕಿ ಸಾರಿಗೆ ಒಗ್ಗರಣೆ ಹಾಕುತ್ತಾಳೆ, ಒಣಮೆಣಸಿನಕಾಯಿಯ ಘಾಟಿಗೆ ಬಾಗಿಲಲ್ಲಿ ನಿಂತ ನಾಯಕ ಕೆಮ್ಮುತ್ತಾನೆ, ಅವಳು ತಿರುಗಿ ನೋಡುತ್ತಾಳೆ. ಬರೆದು ಮುಗಿಸಿ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಇತಿಹಾಸದ ಮೇಷ್ಟ್ರೊಬ್ಬರು ಕಥೆ ಓದಿ, ಕೋಟೆಯ ಬಾಗಿಲಿನ ದಿಕ್ಕು ತಿದ್ದಿಕೊಟ್ಟರು. ಮೆಣಸಿನಕಾಯಿ ಅವರ ಕಣ್ಣಿಗೆ ಬೀಳಲೇ ಇಲ್ಲ. ಅಡುಗೆಮನೆಯ ಪುಟಗಳನ್ನು ಹಾರಿಸಿಕೊಂಡು ಹೋಗಿದ್ದರೇನೋ. ಆಮೇಲೆ ಓದುಗರೊಬ್ಬರು ಫೋನು ಮಾಡಿದರು, ಮನೆ ನೋಡಿಕೊಂಡಿರುವ ಅರವತ್ತು ದಾಟಿದ ಹೆಂಗಸು. "ಅಲ್ಲಮ್ಮಾ, ಮೆಣಸಿನಕಾಯಿ ಪೋರ್ಚುಗೀಸರು ತಂದಿದ್ದಲ್ವಾ? ಇವಳ ಕೈಗೆ ಅಷ್ಟು ಬೇಗ ಹೇಗೆ ಸಿಕ್ತು?"

ಹೌದಲ್ಲ! ಅಮೆರಿಕದ ಬೆಳೆ. ಪೋರ್ಚುಗೀಸರು ಗೋವಾ ಹಿಡಿದದ್ದೇ 1510ರಲ್ಲಿ. ಐದು ವರ್ಷದೊಳಗೆ ಅದು ಹಂಪಿಯ ಒಗ್ಗರಣೆ ಸೌಟಿಗೆ ಬಂದು ಬಿದ್ದಿತ್ತು ಎನ್ನುವುದು ಶುದ್ಧ ಸುಳ್ಳು. ನಮ್ಮವರಿಗೆ ಆಗ ಗೊತ್ತಿದ್ದದ್ದು ಮೆಣಸು. ಹೊಸ ಕಾಯಿಗೆ ಆ ಹೆಸರನ್ನೇ ತೊಡಿಸಿ ಮೆಣಸಿನಕಾಯಿ ಮಾಡಿಕೊಂಡರು. ಟೊಮ್ಯಾಟೊ, ಆಲೂಗಡ್ಡೆ, ಕಡಲೆಕಾಯಿ, ಸೀಬೆಹಣ್ಣು ಎಲ್ಲ ಅದೇ ದಾರಿಯವು. ಈಗ ನನ್ನ ನಾಯಕ ಕರಿಮೆಣಸಿಗೆ ಕೆಮ್ಮುತ್ತಾನೆ. ಕೆಮ್ಮು ಸ್ವಲ್ಪ ಸಪ್ಪೆಯಾಯಿತು, ಏನು ಮಾಡುವುದು.

ತಮಾಷೆಯೆಂದರೆ, ಈ ಸುಳ್ಳನ್ನು ಹೆಚ್ಚಿನವರು ನಂಬಿದರು. ನಂಬದೇ ಹೋದದ್ದು ನಿಜವನ್ನು. ಎರಡನೆಯ ಕಥೆಯ ನಾಯಕಿ ಅರಮನೆಯ ಲೆಕ್ಕ ಬರೆಯುವವಳು. "ಹದಿನಾರನೇ ಶತಮಾನದಲ್ಲಿ ಹೆಣ್ಣು ಅಕೌಂಟೆಂಟಾ? ಇವತ್ತಿನ ಸ್ತ್ರೀವಾದವನ್ನು ತಂದು ತುರುಕಿದ್ದೀರಿ" ಅಂದರು. ತುರುಕಿದವಳು ನಾನಲ್ಲ. ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾಂವ್ ನೂನಿಜ್ 1535ರ ಹೊತ್ತಿಗೆ ಬರೆದಿಟ್ಟ ವಿವರ ಅದು: ಅರಮನೆಯೊಳಗಿನ ಖರ್ಚಿನ ಲೆಕ್ಕ ಬರೆಯುವ ಹೆಂಗಸರಿದ್ದರು, ರಾಜ್ಯದ ವಿದ್ಯಮಾನಗಳನ್ನು ಬರೆದು, ಹೊರಗಿನ ಲೆಕ್ಕಿಗರ ಪುಸ್ತಕದ ಜೊತೆ ತಾಳೆ ನೋಡುವ ಹೆಂಗಸರೂ ಇದ್ದರು. ಕುಸ್ತಿ ಮಾಡುವ ಹೆಂಗಸರನ್ನೂ ಅವನು ಹೇಳುತ್ತಾನೆ, ಆ ಕಥೆ ಇನ್ನೂ ಬರೆದಿಲ್ಲ. ತಾಳೆ ನೋಡುವುದು ಅಂದಮೇಲೆ ಒಳಗಿನವಳ ಪುಸ್ತಕ, ಹೊರಗಿನವನ ಪುಸ್ತಕ ಒಂದು ಕಡೆ ಸೇರಲೇಬೇಕು. ಪ್ರೇಮಕಥೆ ಬರೆಯುವವಳಿಗೆ ಇದಕ್ಕಿಂತ ಇನ್ನೇನು ಬೇಕು?

ಇಲ್ಲೇ ನನ್ನ ಉತ್ತರವೂ ಇದೆ. ಆ ಕಾಲದ ಕಟ್ಟುಪಾಡು ಸರಿಯಾಗಿ ತಿಳಿಯದೆ ಆ ಕಾಲದ ಪ್ರೀತಿ ಬರೆಯಲು ನನಗೆ ಆಗುವುದಿಲ್ಲ. ನಾಯಕ ಅವಳಿಗೆ ಏನಾದರೂ ಬರೆಯಬೇಕು. ಯಾವುದರ ಮೇಲೆ ಬರೆಯುತ್ತಾನೆ? ಗುಲಾಬಿ ಬಣ್ಣದ ಕಾಗದದ ಮೇಲಂತೂ ಅಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಎರಡು ಬಗೆಯ ಬರವಣಿಗೆ ಕಂಡ: ತಾಳೆಗರಿಯ ಮೇಲೆ ಕಬ್ಬಿಣದ ಮೊನೆಯಿಂದ ಕೊರೆಯುವುದು ಒಂದು, ಕಪ್ಪು ಬಳಿದ ಹಾಳೆಯ ಮೇಲೆ ಮೆದು ಕಲ್ಲಿನಿಂದ ಬಿಳಿ ಅಕ್ಷರ ಬರೆಯುವುದು ಇನ್ನೊಂದು. ಎರಡನೆಯದು ನಮ್ಮ ಕಡತ, ಬಳಪ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲು ಬಳಿದು ಮಡಿಚಿದ ಪುಸ್ತಕ. ಅಕ್ಷರ ಬಹಳ ಕಾಲ ಉಳಿಯುತ್ತದೆ ಎಂದು ರಜಾಕ್ ಹೊಗಳಿದ. ಆದರೆ ಬೇಕೆಂದೇ ಒರೆಸಿದರೆ ಹೋಗುತ್ತದೆ. ನನ್ನ ನಾಯಕ ಲೆಕ್ಕದ ಅಂಚಿನಲ್ಲಿ ಎರಡು ಸಾಲು ಬರೆಯುತ್ತಾನೆ; ಅವಳು ಓದಿ, ಸೆರಗಿನಿಂದ ಒರೆಸಿ, ಅದೇ ಜಾಗದಲ್ಲಿ ಎಣ್ಣೆಯ ಲೆಕ್ಕ ಬರೆಯುತ್ತಾಳೆ. ಆ ದೃಶ್ಯ ಕೊಟ್ಟದ್ದು ಕಡತ, ನಾನು ಕಲ್ಪಿಸಿದ್ದಲ್ಲ.

ಮದುವೆಯ ವಿಷಯಕ್ಕೆ ಬಂದರೆ ಇನ್ನೂ ಕಷ್ಟ. ತಮಿಳುನಾಡಿನ ವಿರಿಂಚಿಪುರದ ದೇವಸ್ಥಾನದಲ್ಲಿ ಇಮ್ಮಡಿ ದೇವರಾಯನ ಕಾಲದ, 1425ರ ಒಂದು ಶಾಸನವಿದೆ. ಪಡೈವೀಡು ಸೀಮೆಯ ಬ್ರಾಹ್ಮಣರು, ಕನ್ನಡಿಗರು ತಮಿಳರು ತೆಲುಗರು ಎಲ್ಲ ಸೇರಿ ಒಪ್ಪಂದ ಮಾಡಿಕೊಂಡದ್ದು: ಇನ್ನು ಮುಂದೆ ಮದುವೆ ಎಂದರೆ ಕನ್ಯಾದಾನ ಮಾತ್ರ, ಹೊನ್ನು ತೆಗೆದುಕೊಂಡು ಮಗಳನ್ನು ಕೊಟ್ಟವನಿಗೂ, ಹೊನ್ನು ಕೊಟ್ಟು ಮದುವೆಯಾದವನಿಗೂ ರಾಜದಂಡನೆ, ಜೊತೆಗೆ ಜಾತಿಯಿಂದ ಹೊರಗೆ. ಇಷ್ಟು ಬಿಗಿಯಾಗಿ ಕಲ್ಲಿನಲ್ಲಿ ಕೊರೆಸಬೇಕಾದರೆ ಹೊನ್ನಿನ ವ್ಯವಹಾರ ಎಷ್ಟು ಜೋರಾಗಿ ನಡೆಯುತ್ತಿದ್ದಿರಬೇಕು! ಇದನ್ನು ಓದಿದ ದಿನ, ನನ್ನ ಕಥೆಯ ಅಪ್ಪ ಬರೀ ಸಿಡುಕು ಮುದುಕನಾಗಿ ಉಳಿಯಲಿಲ್ಲ. ಅವನಿಗೂ ಒಂದು ಲೆಕ್ಕ ಬಂತು.

ನಾಯಕಿಯ ವಯಸ್ಸೇ ನನಗೆ ದೊಡ್ಡ ತಲೆನೋವು. ಬ್ರಾಹ್ಮಣರ ಮನೆಗಳಲ್ಲಿ ಮೈನೆರೆಯುವ ಮೊದಲೇ ಮದುವೆ ಮುಗಿಯುತ್ತಿತ್ತು. ಮಗುವನ್ನು ನಾಯಕಿ ಮಾಡಲು ನನಗೆ ಮನಸ್ಸಿಲ್ಲ, ಅಲ್ಲಿ ಇಪ್ಪತ್ತರ ಕನ್ಯೆಯನ್ನು ಕೂರಿಸಿದರೆ ಸುಳ್ಳು. ಹಾಗಾಗಿ ನನ್ನ ನಾಯಕಿಯರು ಆ ಮನೆಗಳವರಲ್ಲ. ಹೂ ಮಾರುವವರು, ಅರಮನೆಯ ಊಳಿಗದವರು, ಒಬ್ಬಳು ವಿಧವೆ. ಮಾತಿನಲ್ಲಿ ಮಾತ್ರ ಗೊತ್ತಿದ್ದೇ ಸುಳ್ಳು ಹೇಳುತ್ತೇನೆ. ಅವರು ಇವತ್ತಿನ ಕನ್ನಡ ಆಡುತ್ತಾರೆ, ಇಲ್ಲದಿದ್ದರೆ ನೀವು ಓದುವುದಿಲ್ಲ. ಆದರೆ "ಐದು ನಿಮಿಷ ತಾಳು" ಅನ್ನುವುದಿಲ್ಲ. ಅವರಿಗಿದ್ದದ್ದು ಗಳಿಗೆ, ಇಪ್ಪತ್ತನಾಲ್ಕು ನಿಮಿಷದ್ದು. ಕಾಯುವವರಿಗೆ ಅದೇ ಸರಿ.

'ಬರೀ' ಅನ್ನುವವರಿಗೆ ಒಂದು ಮಾತು. ಇಂಥದ್ದೇ ಮನೋಭಾವದಿಂದ ಹೆಂಗಸರು ಬರೆದ ಕಾದಂಬರಿಗಳನ್ನು ನಮ್ಮಲ್ಲಿ 'ಅಡುಗೆಮನೆ ಸಾಹಿತ್ಯ' ಎಂದು ಮೂಗು ಮುರಿದರು. ಯುದ್ಧದ ಕಾದಂಬರಿಯಲ್ಲಿ ಇಸವಿ ತಪ್ಪಿದರೆ ಪತ್ರಿಕೆಗೆ ಪತ್ರ ಬರುತ್ತದೆ. ಪ್ರೇಮದ ಕಾದಂಬರಿಯಲ್ಲಿ ತಪ್ಪಿದರೆ "ಅದರಲ್ಲೇನು ಬಿಡಿ". ಈ ರಿಯಾಯಿತಿ ನನಗೆ ಬೇಡ. ಅಂದಹಾಗೆ, ಪ್ರೇಮವನ್ನು ಇತಿಹಾಸದೊಳಕ್ಕೆ ನಾವು ಹೊತ್ತು ತಂದದ್ದೂ ಅಲ್ಲ. ಯುವಕನಾಗಿದ್ದಾಗ ಪ್ರೀತಿಸಿದ ಗಣಿಕೆ ಚಿನ್ನಾದೇವಿಯನ್ನು ಕೃಷ್ಣದೇವರಾಯ ಪಟ್ಟಕ್ಕೆ ಬಂದ ಮೇಲೆ ಮದುವೆಯಾದ ಸಂಗತಿಯನ್ನು ಬರೆದಿಟ್ಟವನು ಅದೇ ನೂನಿಜ್.

ಮೆಣಸಿನಕಾಯಿಯನ್ನು ಹಿಡಿದುಕೊಟ್ಟ ಆ ಅಮ್ಮನಿಗೇ ಈಗ ನನ್ನ ಕರಡು ಮೊದಲು ಹೋಗುತ್ತದೆ. ಮೊನ್ನೆ ಮತ್ತೆ ಫೋನು. "ಮೂರನೇ ಅಧ್ಯಾಯದಲ್ಲಿ ಇಬ್ಬರೂ ಗೆಣಸು ಸುಟ್ಟುಕೊಂಡು ತಿಂತಾರಲ್ಲ, ಯಾವ ಗೆಣಸಮ್ಮಾ ಅದು? ಸಿಹಿಗೆಣಸಾದ್ರೆ ಅದೂ ಅಮೆರಿಕದ್ದೇ." ಕಾಡುಗೆಣಸು ಅಂತ ತಿದ್ದಲು ಕೂತಿದ್ದೇನೆ.